ಮದ್ದಿನ ಕಿಟಕಿ: ಗಲ್ಫಿನ ಡಬ್ಬಿ ಮತ್ತು ಅರ್ಧ ತಲೆನೋವು

(ಮೂವತ್ತೊಂದು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಕೊಡುವ ಕಿಟಕಿಯ ಹಿಂದೆ ನಿಂತು, ಈಗ ಬದಿಯಡ್ಕದಲ್ಲಿ ತಮ್ಮನ ಮೆಡಿಕಲಿನಲ್ಲಿ ಕೂರುವ ಫಾರ್ಮಸಿಸ್ಟ್ ಅಕ್ಕ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 38 ವರ್ಷ, ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಮಗ ಹುಟ್ಟುವ ಮೊದಲಿಂದಲೂ ಅರ್ಧ ತಲೆನೋವು ಉಂಟು. ಮೊದಲು ಕಣ್ಣೆದುರು ಗರಗಸದ ಹಲ್ಲಿನ ಹಾಗೆ ಬೆಳಕು ಕುಣಿಯುತ್ತದೆ. ಅರ್ಧ ಗಂಟೆಯಲ್ಲಿ ಎಡಬದಿ ಹೊಡೆಯಲು ಶುರು, ಆಮೇಲೆ ವಾಂತಿ. ತಿಂಗಳಿಗೆ ಮೂರು ಸಲ ಬರುತ್ತದೆ. ಏಕಾದಶಿಯ ಮರುದಿನ, ಕುಂಬಳೆ ಜಾತ್ರೆಯ ಬೆಡಿಯ (ರಾತ್ರಿಯ ಸುಡುಮದ್ದಿನ) ಮರುದಿನ ತಪ್ಪುವುದೇ ಇಲ್ಲ. ಎರಡು ಸ್ಟ್ರಿಪ್ ನೋವಿನ ಮಾತ್ರೆ ತಂದರೆ ತಿಂಗಳಿಗೆ ಸಾಕಾಗುತ್ತದೆ. ದುಬೈಯಲ್ಲಿರುವ ಮೈದುನ ಈ ಸಲ ಬರುವಾಗ ಮೈಗ್ರೇನಿಗೆ ಒಳ್ಳೆಯದೆಂದು ದೊಡ್ಡ ಡಬ್ಬಿ ವಿಟಮಿನ್ ತಂದುಕೊಟ್ಟ. ಬಿ2, ಮೆಗ್ನೀಷಿಯಂ, ಕ್ಯೂ10 ಎಂದೆಲ್ಲ ಬರೆದಿದೆ. ಹನ್ನೊಂದು ದಿನ ತಿಂದೆ. ಮೂತ್ರ ಅರಶಿನದ ನೀರಿನ ಹಾಗೆ ಹೋಗಲು ಶುರುವಾಯಿತು, ಕಾಮಾಲೆಯೋ ಎಂದು ಹೆದರಿ ನಿಲ್ಲಿಸಿದೆ. ನೋವೇನೂ ಕಡಿಮೆಯಾಗಿರಲಿಲ್ಲ. ಬೆಳಿಗ್ಗೆ ಥೈರಾಯ್ಡಿನ ಮಾತ್ರೆ ಉಂಟು, ಮುಟ್ಟು ಸರಿಯಾಗಲಿಕ್ಕೆ ಹಾರ್ಮೋನಿನ ಮಾತ್ರೆಯೂ ಉಂಟು. ಅತ್ತೆ ಇದೆಲ್ಲ ಪಿತ್ತ, ಮಜ್ಜಿಗೆ ಕುಡಿ ಅನ್ನುತ್ತಾರೆ. ಡಬ್ಬಿ ಎಸೆಯಲೇ, ಮುಂದುವರಿಸಲೇ?
– ಓದುಗಿ, ಪೆರ್ಲ

ಉತ್ತರ: ಟೀಚರೇ, ಕಾಮಾಲೆಯ ಹೆದರಿಕೆಯನ್ನು ಮೊದಲು ಇಳಿಸಿಬಿಡುವ. ಬಿ2ರ ಇನ್ನೊಂದು ಹೆಸರು ರೈಬೋಫ್ಲೇವಿನ್. ಅದರಲ್ಲಿರುವ ‘ಫ್ಲೇವಿನ್’ ಬಂದದ್ದು ಹಳದಿ ಎಂಬ ಅರ್ಥದ ಲ್ಯಾಟಿನ್ ಪದದಿಂದ. ತಿಂಡಿಗಳಿಗೆ ಹಳದಿ ಬಣ್ಣ ಕೊಡಲಿಕ್ಕೂ ಇದನ್ನೇ ಹಾಕುವುದುಂಟು. ದೇಹ ಒಂದು ಸಲಕ್ಕೆ ಸುಮಾರು 27 ಮಿಲಿಗ್ರಾಂ ಮಾತ್ರ ಹೀರಿಕೊಳ್ಳುತ್ತದೆ, ಹೀರಿದ್ದರಲ್ಲೂ ಬೇಡದ್ದನ್ನು ಮೂತ್ರದಲ್ಲಿ ಬಿಡುತ್ತದೆ. ನಿಮ್ಮ ಅರಶಿನದ ನೀರು ಅದು. ಕಾಮಾಲೆಯ ಮೂತ್ರ ಹೀಗೆ ಹೊಳೆಯುವ ಹಳದಿ ಇರುವುದಿಲ್ಲ, ಕಟ್ಟನ್ ಚಾಯದ (ಹಾಲು ಹಾಕದ ಚಹಾದ) ಬಣ್ಣಕ್ಕೆ ತಿರುಗುತ್ತದೆ, ಕಣ್ಣಿನ ಬಿಳಿಯೂ ಹಳದಿಯಾಗುತ್ತದೆ. ಕನ್ನಡಿಯಲ್ಲಿ ಕಣ್ಣು ಬಿಳಿ ಕಂಡರೆ ನೆಮ್ಮದಿಯಿಂದ ಮಲಗಿ.

ಡಬ್ಬಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಕಾಗದ ಓದುವಾಗ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ನೋವು ತಿಂಗಳಿಗೆ ಮೂರು ಸಲ, ಮಾತ್ರೆ ಎರಡು ಸ್ಟ್ರಿಪ್. ಅಂದರೆ ಇಪ್ಪತ್ತು. ಒಂದು ನೋವಿಗೆ ಎರಡು, ಹೆಚ್ಚೆಂದರೆ ಮೂರು ಎಂದರೂ ಒಂಬತ್ತಾಯಿತು. ಉಳಿದ ಹನ್ನೊಂದು ಎಲ್ಲಿಗೆ ಹೋದವು?

ಎಲ್ಲಿಗೆ ಹೋಗುತ್ತವೆಂದು ನನಗೆ ಗೊತ್ತು, ನಾನೂ ಅದೇ ದಾರಿಯಲ್ಲಿ ಹೋದವಳು. ಹತ್ತೊಂಬತ್ತನೇ ವಯಸ್ಸಿನಿಂದ ನನಗೂ ಈ ಬೇನೆ. ಮದ್ದಿನ ಕಿಟಕಿ ತೆರೆಯುವುದು ಒಂಬತ್ತು ಗಂಟೆಗೆ, ಎದುರಿಗೆ ನೂರೈವತ್ತು ಚೀಟಿ. ಮಧ್ಯೆ ತಲೆ ಹಿಡಿದುಕೊಂಡರೆ ಗತಿಯೇನೆಂದು ಹೆದರಿ, ನೋವು ಬಾರದಿದ್ದರೂ ಬೆಳಿಗ್ಗೆ ಒಂದು ನುಂಗುತ್ತಿದ್ದೆ. ಮದ್ದಿನ ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು, ಆದರೂ ಮಾತ್ರೆ ಮಾತ್ರ ಹೊರಗಿನ ಅಂಗಡಿಯಿಂದಲೇ ತರುತ್ತಿದ್ದೆ. ಅಷ್ಟು ಪ್ರಾಮಾಣಿಕತೆ ಇತ್ತು, ಬುದ್ಧಿ ಇರಲಿಲ್ಲ. ಕೊನೆಗೆ ವಾರದಲ್ಲಿ ಐದು ದಿನ ತಲೆಯ ಮೇಲೆ ಕಲ್ಲಿಟ್ಟ ಹಾಗೆ ಇರತೊಡಗಿತು. ಮಂಗಳೂರಿನ ನರರೋಗ ತಜ್ಞರೊಬ್ಬರ ಹತ್ತಿರ ಹೋದೆ. ‘ತಿಂಗಳಿಗೆ ಎಷ್ಟು ಮಾತ್ರೆ?’ ಎಂದು ಕೇಳಿದರು. ‘ಆಗಾಗ’ ಎಂದೆ. ‘ಆಗಾಗ ಎಂಬುದು ಎಷ್ಟು ಎಂದು ಎಣಿಸಿಕೊಂಡು ಬನ್ನಿ’ ಎಂದು ಮದ್ದೇ ಬರೆಯದೆ ಕಳಿಸಿದರು. ಬಸ್ಸಿನಲ್ಲಿ ತಲಪಾಡಿ ದಾಟುವ ತನಕ ಸಿಟ್ಟು ಇಳಿಯಲಿಲ್ಲ.

ಮನೆಯಲ್ಲಿ ಹಾಲಿನ ಸೊಸೈಟಿಯ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇತ್ತು. ಅದರಲ್ಲೇ ಹಾಲಿನ ಲೀಟರಿನ ಪಕ್ಕ ನೋವು ಬಂದ ದಿನಕ್ಕೆ ‘ನೋ’, ಮಾತ್ರೆ ತಿಂದ ದಿನಕ್ಕೆ ‘ಮಾ’ ಎಂದು ಬರೆದೆ. ತಿಂಗಳ ಕೊನೆಗೆ ‘ಮಾ’ ಇಪ್ಪತ್ತೆರಡು ಇತ್ತು.

ನೋವಿನ ಮಾತ್ರೆ ಹೆಚ್ಚಾದರೆ ಆ ಮಾತ್ರೆಯೇ ತಲೆನೋವು ತರುತ್ತದೆ. ಪ್ಯಾರಸಿಟಮಾಲಿನಂಥ ಸಾದಾ ಮಾತ್ರೆಯಾದರೆ ತಿಂಗಳಿಗೆ 15 ದಿನ, ಕೆಫೀನ್ ಇತ್ಯಾದಿ ಬೆರೆಸಿದ್ದು ಅಥವಾ ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಗುಂಪಿನದ್ದಾದರೆ 10 ದಿನ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಈ ಗಡಿ ಮುಟ್ಟಿದರೆ ಡಾಕ್ಟರುಗಳು ಇದನ್ನು ಬೇರೆಯೇ ಕಾಯಿಲೆ ಎಂದು ಗುರುತಿಸುತ್ತಾರೆ. ಇಲ್ಲಿ ಲೆಕ್ಕ ದಿನಗಳದ್ದು, ಮಾತ್ರೆಗಳದ್ದಲ್ಲ. ನಿಮ್ಮ ಇಪ್ಪತ್ತು ಮಾತ್ರೆ ಎಷ್ಟು ದಿನಕ್ಕೆ ಹಂಚಿಹೋಗಿದೆ ಎಂದು ಕ್ಯಾಲೆಂಡರೇ ಹೇಳಬೇಕು. ಅದು ಗಡಿ ದಾಟಿದ್ದರೆ ದುಬೈಯಿಂದ ಯಾವ ಡಬ್ಬಿ ಬಂದರೂ ಫಲ ಸಿಕ್ಕುವುದು ಕಷ್ಟ. ನಾನು ನಿಲ್ಲಿಸಿದಾಗ ಮೊದಲ ಎಂಟು ದಿನ ನರಕ. ರಜೆ ಹಾಕಿ ಕಿಟಕಿಗೆ ಕಂಬಳಿ ಕಟ್ಟಿ ಮಲಗಿದ್ದೆ. ಒಂಬತ್ತನೆಯ ದಿನ ತೋಟದಲ್ಲಿ ಅಡಿಕೆ ಕೊಯ್ಯುವವರ ಮಾತು ಕೇಳಿದಾಗ, ಎಷ್ಟೋ ತಿಂಗಳ ಮೇಲೆ ಶಬ್ದ ಬರೀ ಶಬ್ದವಾಗಿ ಕೇಳಿತು. ನೀವು ನಿಲ್ಲಿಸುವುದಿದ್ದರೆ ಡಾಕ್ಟರಿಗೆ ಹೇಳಿಯೇ ನಿಲ್ಲಿಸಿ, ಆ ಎಂಟು ದಿನಕ್ಕೆ ಅವರು ಬೇರೆ ಆಸರೆ ಕೊಡುತ್ತಾರೆ.

ಈಗ ಡಬ್ಬಿ. ವಿಟಮಿನಿನಿಂದ ಮೈಗ್ರೇನ್ ಕಡಿಮೆಯಾಗುತ್ತದೆಂಬುದು ಬರೀ ವಾಟ್ಸಾಪ್ ಕತೆ ಎಂದು ತಳ್ಳಿಹಾಕುವ ಹಾಗೂ ಇಲ್ಲ. 1998ರಲ್ಲಿ ಬೆಲ್ಜಿಯಂನ ವೈದ್ಯರು 55 ಮಂದಿ ಮೈಗ್ರೇನಿನವರಿಗೆ ಮೂರು ತಿಂಗಳು ಮಾತ್ರೆ ಕೊಟ್ಟು ನೋಡಿದರು. ಕೆಲವರಿಗೆ ದಿನಕ್ಕೆ 400 ಮಿಲಿಗ್ರಾಂ ರೈಬೋಫ್ಲೇವಿನ್, ಉಳಿದವರಿಗೆ ಮದ್ದಿಲ್ಲದ ಹುಸಿ ಮಾತ್ರೆ. ತಲೆನೋವಿನ ದಿನಗಳು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದವರು ರೈಬೋಫ್ಲೇವಿನ್ ತಿಂದವರಲ್ಲಿ ನೂರಕ್ಕೆ 59, ಹುಸಿ ಮಾತ್ರೆ ತಿಂದವರಲ್ಲಿ 15. ಪರೀಕ್ಷೆ ಸಣ್ಣದು, ಆದರೆ ವ್ಯತ್ಯಾಸ ಸಣ್ಣದಲ್ಲ. ಮೆಗ್ನೀಷಿಯಂ ಮೇಲೆ 1996ರಲ್ಲಿ ಜರ್ಮನಿಯಲ್ಲಿ 81 ಮಂದಿಯ ಮೇಲೆ ದಿನಕ್ಕೆ 600 ಮಿಲಿಗ್ರಾಮಿನಷ್ಟು ಕೊಟ್ಟು ನೋಡಿದ್ದಾರೆ, ಅಲ್ಲೂ ದಾಳಿಗಳು ಕಡಿಮೆಯಾದವು. ಅಮೆರಿಕದ ನರರೋಗ ತಜ್ಞರ ಸಂಘ 2012ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಇವೆರಡಕ್ಕೂ ‘ಫಲ ಕೊಡುವ ಸಂಭವ ಉಂಟು’ ಎಂಬ ಎರಡನೇ ದರ್ಜೆ, ಕ್ಯೂ10ಗೆ ಅದರ ಕೆಳಗಿನ ದರ್ಜೆ. ಮೊದಲ ದರ್ಜೆ ಸಿಕ್ಕಿದ್ದು ಬಟರ್‌ಬರ್ ಎಂಬ ಗಿಡದ ಸಾರಕ್ಕೆ. ಅದು ಲಿವರನ್ನು ಕೆಡಿಸಬಹುದೆಂದು ಗೊತ್ತಾಗಿ 2015ರಲ್ಲಿ ಆ ಮಾರ್ಗಸೂಚಿಯನ್ನೇ ಹಿಂದಕ್ಕೆ ಪಡೆದರು. ನಿಮ್ಮ ಡಬ್ಬಿಯ ಸಣ್ಣ ಅಕ್ಷರದಲ್ಲಿ ಎಲ್ಲಾದರೂ ಬಟರ್‌ಬರ್ ಎಂದಿದೆಯೋ ನೋಡಿ. ಇದ್ದರೆ ಅದೊಂದು ಕಾರಣ ಸಾಕು, ಎಸೆಯಿರಿ.

ಇದು ಹೇಗೆ ಕೆಲಸ ಮಾಡುತ್ತದೆಂದರೆ, ನಮ್ಮ ಪ್ರತಿ ಜೀವಕೋಶದಲ್ಲೂ ಶಕ್ತಿ ಮಾಡುವ ಸಣ್ಣ ಸಣ್ಣ ಒಲೆಗಳಿವೆ, ಮೈಟೋಕಾಂಡ್ರಿಯಾ ಎನ್ನುತ್ತಾರೆ. ಮೈಗ್ರೇನಿನವರ ಮಿದುಳಿನಲ್ಲಿ ಈ ಒಲೆ ಸರಿಯಾಗಿ ಉರಿಯುವುದಿಲ್ಲ ಎಂಬುದು ತಜ್ಞರ ಒಂದು ಊಹೆ. ಬಿ2, ಕ್ಯೂ10 ಎರಡೂ ಆ ಒಲೆಗೆ ಬೇಕಾದವು. ಹಸಿದರೆ, ನಿದ್ದೆಗೆಟ್ಟರೆ ನೋವು ಬರುವುದೂ ಈ ಊಹೆಗೆ ಹೊಂದುತ್ತದೆ. ನಿಮ್ಮ ಏಕಾದಶಿ ಮತ್ತು ಬೆಡಿ ಎರಡೂ ಅದೇ ಲೆಕ್ಕ. ಒಂದರಲ್ಲಿ ಊಟ ತಪ್ಪಿತು, ಇನ್ನೊಂದರಲ್ಲಿ ನಿದ್ದೆ. ಗರ್ನಾಲಿನ ಹೊಗೆ, ಜನರ ತಲೆಯ ಮಲ್ಲಿಗೆಯ ಪರಿಮಳ ಇವು ಮೇಲಿಂದ.

ಆದರೆ ಇದು ಹನ್ನೊಂದು ದಿನದ ಕೆಲಸವಲ್ಲ, ಟೀಚರೇ. ಬೆಲ್ಜಿಯಂನ ಪರೀಕ್ಷೆಯಲ್ಲೂ ಫಲ ಚೆನ್ನಾಗಿ ಕಂಡದ್ದು ಮೂರನೆಯ ತಿಂಗಳಲ್ಲಿ. ಬಂದ ನೋವನ್ನು ಇದು ಇಳಿಸುವುದಿಲ್ಲ, ಬರುವ ನೋವಿನ ಎಣಿಕೆ ಕಡಿಮೆ ಮಾಡಬಹುದು ಅಷ್ಟೆ. ನೋವು ಶುರುವಾದಾಗ ಬೇಕಾದದ್ದು ನೋವಿನ ಮಾತ್ರೆಯೇ, ಅದೂ ಬೇಗ. ಮೈಗ್ರೇನಿನಲ್ಲಿ ಹೊಟ್ಟೆಯ ಚಲನೆ ನಿಧಾನವಾಗುತ್ತದೆ, ತಡಮಾಡಿ ನುಂಗಿದ ಮಾತ್ರೆ ಅಲ್ಲೇ ಕೂತು ವಾಂತಿಯಲ್ಲಿ ಬರುತ್ತದೆ. ಅದಕ್ಕಾಗಿ ಕೆಲವು ಡಾಕ್ಟರುಗಳು ವಾಂತಿ ನಿಲ್ಲುವ ಮಾತ್ರೆಯನ್ನೂ ಜತೆಗೆ ಬರೆಯುವುದು.

ಡಬ್ಬಿಯನ್ನು ತಿರುಗಿಸಿ ಹಿಂಬದಿ ಓದಿ. ಎದುರಿಗೆ 400 ಎಂದು ದಪ್ಪಕ್ಕೆ ಇದ್ದರೂ ಹಿಂದೆ ‘ಎರಡು ಕ್ಯಾಪ್ಸೂಲಿಗೆ’ ಎಂದು ಇರುತ್ತದೆ. ಮೆಗ್ನೀಷಿಯಂನಲ್ಲಿ ಇನ್ನೂ ಒಂದು ಮಸಲತ್ತು. ಅದು ಆಕ್ಸೈಡೋ ಸಿಟ್ರೇಟೋ ನೋಡಬೇಕು. ಆಕ್ಸೈಡಿನ ತೂಕದಲ್ಲಿ ನೂರಕ್ಕೆ 60 ಪಾಲು ಮೆಗ್ನೀಷಿಯಂ, ಸಿಟ್ರೇಟಿನಲ್ಲಿ ಸುಮಾರು 16 ಮಾತ್ರ. ಕೆಲವು ಕಂಪೆನಿಗಳು ಇಡೀ ಸಂಯುಕ್ತದ ತೂಕ ಬರೆಯುತ್ತವೆ, ಕೆಲವು ಮೆಗ್ನೀಷಿಯಂ ಎಷ್ಟೆಂದು ಬರೆಯುತ್ತವೆ. ಚಿಪ್ಪು ಸಮೇತ ತೆಂಗಿನಕಾಯಿ ತೂಗುವುದಕ್ಕೂ ತುರಿ ತೂಗುವುದಕ್ಕೂ ಇರುವ ವ್ಯತ್ಯಾಸ. ಮೆಗ್ನೀಷಿಯಂ ಹೆಚ್ಚಾದರೆ ಮೊದಲು ಗೊತ್ತಾಗುವುದು ಹೊಟ್ಟೆಗೆ. ಮಲಬದ್ಧತೆಗೆ ಕುಡಿಯುವ ಮಿಲ್ಕ್ ಆಫ್ ಮೆಗ್ನೀಷಿಯಾವೂ ಇದರದ್ದೇ ಇನ್ನೊಂದು ರೂಪ. ಕಿಡ್ನಿ ಸರಿಯಿಲ್ಲದವರು ಇದನ್ನು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು, ದೇಹದಿಂದ ಹೊರಗೆ ಹಾಕಲಿಕ್ಕೆ ಅವರಿಗೆ ಆಗುವುದಿಲ್ಲ. ಕ್ಯೂ10 ರಕ್ತ ತೆಳುವಾಗಲು ಕೊಡುವ ವಾರ್ಫರಿನ್ ಎಂಬ ಮದ್ದಿನ ಫಲ ಕುಗ್ಗಿಸಬಹುದು. ನೀವು ಅದನ್ನು ತಿನ್ನುತ್ತಿಲ್ಲ, ಬೇರೆ ಓದುಗರಿಗಾಗಿ ಹೇಳಿದೆ.

ಡಬ್ಬಿ ಮುಗಿದ ಮೇಲೆ ಇಲ್ಲಿಯ ಬಿ-ಕಾಂಪ್ಲೆಕ್ಸ್ ತಿಂದರೆ ಸಾಕಲ್ಲ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಪೇಟೆಯಲ್ಲಿ ಸಿಗುವ ಸಾಮಾನ್ಯ ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲಿನಲ್ಲಿ ರೈಬೋಫ್ಲೇವಿನ್ ಇರುವುದು 10 ಮಿಲಿಗ್ರಾಮಿನಷ್ಟು. 400 ಆಗಬೇಕಾದರೆ ದಿನಕ್ಕೆ ನಲವತ್ತು. ಹೋದ ವರ್ಷ ಒಬ್ಬರು ನಿಜವಾಗಿ ನಮ್ಮ ಅಂಗಡಿಗೆ ಬಂದು ಎಂಟು ಎಂಟು ತಿನ್ನಲೇ ಎಂದು ಕೇಳಿದ್ದರು. ಬಿ2 ಹೆಚ್ಚಾದರೆ ಮೂತ್ರದಲ್ಲಿ ಹೋದೀತು, ಆದರೆ ಅದೇ ಕ್ಯಾಪ್ಸೂಲಿನ ಬಿ6 ತಿಂಗಳುಗಟ್ಟಲೆ ಹೆಚ್ಚಾದರೆ ಕೈಕಾಲಿನ ನರಗಳನ್ನೇ ಕೆಡಿಸುತ್ತದೆ. ಊಟದಿಂದ 400 ಹೊಂದಿಸುವುದೂ ಆಗದ ಮಾತು. ಒಂದು ಲೋಟ ಹಾಲಿನಲ್ಲಿ ಅರ್ಧ ಮಿಲಿಗ್ರಾಮಿಗೂ ಕಡಿಮೆ, ಎಂಟುನೂರು ಲೋಟ ಕುಡಿದರೂ ಸಾಲದು. ಮೆಗ್ನೀಷಿಯಂ ಹಾಗಲ್ಲ. ನೂರು ಗ್ರಾಂ ಗೇರುಬೀಜದಲ್ಲಿ ಸುಮಾರು 290 ಮಿಲಿಗ್ರಾಂ ಉಂಟು. ಗೇರುಬೀಜದ ನಾಡಿನಲ್ಲಿ ಕೂತು ಒಳ್ಳೆಯ ಬೀಜವನ್ನೆಲ್ಲ ಮಾರಿ ಗಲ್ಫಿನಿಂದ ಮೆಗ್ನೀಷಿಯಂ ತರಿಸುತ್ತೇವೆ.

ಥೈರಾಯ್ಡ್ ಮಾತ್ರೆಯನ್ನೂ ಮೆಗ್ನೀಷಿಯಂ ಇರುವ ಡಬ್ಬಿಯನ್ನೂ ಒಟ್ಟಿಗೆ ನುಂಗಬೇಡಿ. ಹೊಟ್ಟೆಯಲ್ಲಿ ಒಂದನ್ನೊಂದು ಹಿಡಿದುಕೊಂಡು ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸೇರುವುದಿಲ್ಲ. ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು. ಥೈರಾಯ್ಡ್ ಬೆಳಿಗ್ಗೆ, ಡಬ್ಬಿ ರಾತ್ರಿ ಊಟದ ಮೇಲೆ. ಡಬ್ಬಿಯನ್ನು ಅಡುಗೆಮನೆಯ ಕಿಟಕಿಯಲ್ಲಿ ಇಡಬೇಡಿ, ರೈಬೋಫ್ಲೇವಿನ್ ಬೆಳಕಿಗೆ ಹಾಳಾಗುತ್ತದೆ.

ಇನ್ನು ಹಾರ್ಮೋನಿನ ಮಾತ್ರೆ. ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ನಿಮಗೆ ನೋವಿನ ಮೊದಲು ಗರಗಸದ ಬೆಳಕು ಕಾಣುತ್ತದೆಂದು ಬರೆದಿದ್ದೀರಿ. ಅದಕ್ಕೆ ಆರಾ ಎನ್ನುತ್ತಾರೆ. ಆರಾ ಇರುವವರು ಈಸ್ಟ್ರೊಜೆನ್ ಇರುವ ಮಾತ್ರೆ ತಿಂದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಆ ಮಾತ್ರೆ ಕೊಟ್ಟ ಡಾಕ್ಟರಿಗೆ ಬೆಳಕಿನ ವಿಷಯ ಹೇಳಿದ್ದೀರಾ? ಮುಟ್ಟಿನ ತೊಂದರೆಗೆ ಹೋದವರು ಕಣ್ಣಿನ ಬೆಳಕಿನ ವಿಷಯ ಯಾಕೆ ಹೇಳುತ್ತಾರೆ! ಹೇಳಿರಲಿಕ್ಕಿಲ್ಲ. ಡಬ್ಬಿಯ ನಿರ್ಧಾರ ಮುಂದಿನ ತಿಂಗಳಿಗೆ ಇರಲಿ, ಈ ಮಾತು ಈ ವಾರವೇ ಆಗಬೇಕು. ಈಸ್ಟ್ರೊಜೆನ್ ಇಲ್ಲದ ಮಾತ್ರೆಗಳೂ ಇವೆ.

ಹೋಗುವಾಗ ಒಂದು ಕಾಗದದಲ್ಲಿ ಎಲ್ಲ ಬರೆದುಕೊಂಡು ಹೋಗಿ. ಕೇರಳದಲ್ಲಿರುವ ನಮ್ಮ ಕಾಸರಗೋಡು ಜಿಲ್ಲೆಯ ಕಷ್ಟ ನಿಮಗೆ ಗೊತ್ತೇ ಉಂಟು, ಡಾಕ್ಟರಿಗೆ ಕನ್ನಡ ಬಾರದಿದ್ದರೆ ಅರ್ಧ ರೋಗ ಮನೆಯಲ್ಲೇ ಉಳಿಯುತ್ತದೆ. ನನ್ನ ಕಿಟಕಿಯ ಪಕ್ಕದ ಕೋಣೆಯಲ್ಲಿ ಒಮ್ಮೆ ಒಬ್ಬ ಅಜ್ಜಿ ‘ತಲೆ ಹೊಡೀತದೆ’ ಎಂದರು. ನರ್ಸ್ ಮಲಯಾಳದಲ್ಲಿ ಅದನ್ನು ಹಾಗೇ ‘ಅಡಿಕ್ಕುನ್ನು’ ಎಂದಳು. ಡಾಕ್ಟರು ಗಾಬರಿಯಾಗಿ ‘ಆರು ಅಡಿಚ್ಚು?’ ಎಂದು ಕೇಳಿದರು, ಯಾರು ಹೊಡೆದದ್ದು ಎಂದು. ಅಜ್ಜಿ ಮಗನ ಮುಖ ನೋಡಿದರು, ಮಗನಿಗೆ ಬೆವರು. ವಾಂತಿಗೆ ‘ಛರ್ದಿ’ ಅನ್ನಿ, ಮೈಗ್ರೇನಿಗೆ ‘ಚೆನ್ನಿಕುತ್ತ್’ ಅನ್ನಿ, ಕೂಡಲೇ ತಿಳಿಯುತ್ತದೆ.

ತಿಂಗಳಿಗೆ ಮೂರು ಸಲ ಹೀಗೆ ಬೀಳುವವರಿಗೆ ಪ್ರೊಪ್ರನಲೋಲ್, ಅಮಿಟ್ರಿಪ್ಟಿಲಿನ್‌ನಂಥ ತಡೆಮದ್ದುಗಳೂ ಇವೆ. ನನಗೆ ಪ್ರೊಪ್ರನಲೋಲ್ ಮತ್ತು ಬಿ2 ಎರಡನ್ನೂ ಒಟ್ಟಿಗೆ ಶುರು ಮಾಡಿದ್ದರು. ನಾಲ್ಕನೆಯ ತಿಂಗಳಿಗೆ ಕ್ಯಾಲೆಂಡರಿನಲ್ಲಿ ‘ನೋ’ ಎರಡಕ್ಕೆ ಇಳಿಯಿತು. ಯಾವುದರಿಂದ ಎಂದು ಕೇಳಿದರೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ನಿಮಗೆ ಆ ಗೊಂದಲ ಬೇಡ. ಈ ತಿಂಗಳು ಡಬ್ಬಿ ಮುಚ್ಚಿಡಿ, ಬರೀ ಬರೆಯಿರಿ. ಮಾತ್ರೆಯ ದಿನಗಳು ಗಡಿಯೊಳಗೇ ಇದ್ದು ಡಾಕ್ಟರೂ ಆಗಬಹುದೆಂದರೆ, ಮುಂದಿನ ತಿಂಗಳಿಂದ ಡಬ್ಬಿ ಶುರು ಮಾಡಿ ಮೂರು ತಿಂಗಳು ಬಿಡದೆ ತಿನ್ನಿ. ನಾಲ್ಕು ಪುಟದ ‘ನೋ’ ಎಣಿಸಿ. ಕಡಿಮೆಯಾಗದಿದ್ದರೆ ಮೈದುನನಿಗೆ ಮುಂದಿನ ಸಲ ಖರ್ಜೂರ ತರಲು ಹೇಳಿ.

ಅತ್ತೆಯ ಮಜ್ಜಿಗೆ ಬಿಡಬೇಡಿ. ಹೊಟ್ಟೆ ಖಾಲಿ ಇರಬಾರದು, ನೀರು ಕಡಿಮೆಯಾಗಬಾರದು ಎಂಬುದನ್ನೇ ಅವರು ಅವರ ಭಾಷೆಯಲ್ಲಿ ಹೇಳುವುದು. ಏಕಾದಶಿಗೆ ಹಣ್ಣು ಹಾಲು ತಿನ್ನುವುದಕ್ಕೆ ಅವರಿಂದಲೇ ಒಪ್ಪಿಗೆ ತೆಗೆದುಕೊಳ್ಳಿ, ಸುಲಭವಾಗುತ್ತದೆ.

ಒಂದೇ ಸಲಕ್ಕೆ ಸಿಡಿಲು ಬಡಿದ ಹಾಗೆ ಬರುವ ತಲೆನೋವು, ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಳ್ಳುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು ಇವಕ್ಕೆ ಕ್ಯಾಲೆಂಡರೂ ಬೇಡ, ಡಬ್ಬಿಯೂ ಬೇಡ. ಸಿಕ್ಕಿದ ಗಾಡಿ ಹತ್ತಿ ಆಸ್ಪತ್ರೆಗೆ ಹೋಗಬೇಕು. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ಮೈಗ್ರೇನ್ ಎಂದು ಮನೆಯಲ್ಲೇ ತೀರ್ಮಾನಿಸಬಾರದು.

ಪ್ರಶ್ನೆ: ನನಗೆ 61. ಮೈಕೈ ನೋವಿಗೆ, ತಲೆನೋವಿಗೆ ವಿಟಮಿನ್ ಡಿ ಒಳ್ಳೆಯದೆಂದು ಗೆಳೆಯರು ಹೇಳಿದ್ದರಿಂದ 60,000ದ ಪುಡಿಯ ಪ್ಯಾಕೆಟನ್ನು ಹಾಲಿನಲ್ಲಿ ಒಂದು ತಿಂಗಳು ದಿನಾ ಕುಡಿದೆ. ತಲೆನೋವು ಹೆಚ್ಚೇ ಆಗಿದೆ, ಬಾಯಾರಿಕೆ, ಮಲಬದ್ಧತೆ. ಇನ್ನೂ ಎಷ್ಟು ದಿನ ಕುಡಿಯಬೇಕು?
– ಓದುಗ, ಮಂಜೇಶ್ವರ

ಉತ್ತರ: ಇವರ ಕಾಗದ ತಲುಪಿದ ದಿನವೇ ಫೋನಿನಲ್ಲಿ ಮಾತಾಡಿದ್ದೇನೆ, ಪತ್ರಿಕೆ ಬರುವ ತನಕ ಕಾಯುವ ವಿಷಯ ಇದಲ್ಲ. ಇಲ್ಲಿ ಹಾಕುವುದು ಬೇರೆಯವರ ಮನೆಯಲ್ಲೂ ಈ ಪ್ಯಾಕೆಟ್ ಇರುತ್ತದೆಂದು. 60,000 ಯುನಿಟಿನ ಪ್ಯಾಕೆಟನ್ನು ಡಾಕ್ಟರು ಬರೆಯುವುದು ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವೇ ವಾರ. ಒಬ್ಬರಿಗೆ ದಿನಕ್ಕೆ ಬೇಕಾದದ್ದು 600 ಯುನಿಟ್ ಎಂದರೆ ಒಂದೇ ಪ್ಯಾಕೆಟಿನಲ್ಲಿ ನೂರು ದಿನದ್ದು ಉಂಟು. ಇವರು ತಿಂಗಳಲ್ಲಿ 18 ಲಕ್ಷ ಯುನಿಟ್ ಕುಡಿದಿದ್ದಾರೆ. ಬಿ2ರ ಹಾಗೆ ಡಿ ಮೂತ್ರದಲ್ಲಿ ಹೋಗುವುದಿಲ್ಲ, ಕೊಬ್ಬಿನಲ್ಲಿ ಸೇರಿಕೊಂಡು ಕೂರುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುತ್ತದೆ. ಬಾಯಾರಿಕೆ, ಮಲಬದ್ಧತೆ, ವಾಂತಿ ಬಂದ ಹಾಗಾಗುವುದು, ತಲೆನೋವು ಎಲ್ಲ ಅದರದ್ದೇ ಲಕ್ಷಣ. ಪ್ಯಾಕೆಟ್ ಕೂಡಲೇ ನಿಲ್ಲಿಸಿ, ರಕ್ತದ ಕ್ಯಾಲ್ಸಿಯಂ, ಕಿಡ್ನಿ ಪರೀಕ್ಷೆ ಅದೇ ದಿನ ಮಾಡಿಸಲು ಹೇಳಿದೆ. ವಿಟಮಿನ್ ಎ ಕೂಡ ಇದೇ ಜಾತಿ. ಅದು ಹೆಚ್ಚಾದರೆ ತಲೆಬುರುಡೆಯ ಒಳಗೆ ಒತ್ತಡ ಏರಿ ತಲೆನೋವೇ ಬರುತ್ತದೆ. ತಲೆನೋವಿಗೆಂದು ತಿಂದ ವಿಟಮಿನಿನಿಂದಲೇ ತಲೆನೋವು!

ಪ್ರಶ್ನೆ: ಮಗಳಿಗೆ 14. ಶಾಲೆಯಿಂದ ಬರುವಾಗ ಹಣೆ ನೋಯುತ್ತದೆ ಅನ್ನುತ್ತಾಳೆ. ಮೈಗ್ರೇನ್ ಇರಬಹುದೆಂದು ಮಲ್ಟಿವಿಟಮಿನ್ ಶುರು ಮಾಡಲೇ? ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯಿಂದ ಆಗುತ್ತಿರಬಹುದೇ?
– ಒಬ್ಬ ತಾಯಿ, ಮುಳ್ಳೇರಿಯ

ಉತ್ತರ: ನೀಲಿ ಮಾತ್ರೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ್ದು, ವಾರಕ್ಕೊಂದು. ಹೊಟ್ಟೆ ತೊಳಸಬಹುದು, ಅದಕ್ಕೆ ಉಂಡ ಮೇಲೆ ಕೊಡುವುದು. ವಾರವಿಡೀ ಸಂಜೆ ಹಣೆ ನೋಯಲು ಅದು ಕಾರಣವಲ್ಲ, ನಿಲ್ಲಿಸಬೇಡಿ. ರಕ್ತ ಕಡಿಮೆಯಿದ್ದರೂ ತಲೆ ನೋಯುತ್ತದೆ, ಆ ಮಾತ್ರೆ ಇರುವುದೇ ಅದಕ್ಕೆ. ಮಕ್ಕಳಿಗೆ ಬಿ2 ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ದೊಡ್ಡವರಲ್ಲಿ ಕಂಡಂಥ ಸ್ಪಷ್ಟ ಫಲ ಕಂಡಿಲ್ಲ, ಹಾಗಾಗಿ ಡಾಕ್ಟರು ಹೇಳದೆ ಶುರು ಮಾಡಬೇಡಿ. ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಬೆಳಿಗ್ಗೆ ಬಸ್ಸು ತಪ್ಪುತ್ತದೆಂದು ತಿಂಡಿ ಬಿಟ್ಟು ಓಡುತ್ತಾಳೋ, ನೀರಿನ ಬಾಟ್ಲಿ ಸಂಜೆ ತುಂಬಿದ ಹಾಗೇ ವಾಪಸ್ ಬರುತ್ತದೋ ಎರಡು ವಾರ ಗಮನಿಸಿ. ಅಷ್ಟರಲ್ಲಿ ಯಾರಾದರೂ ಯಾವುದಾದರೂ ಮಾತ್ರೆ ತಂದುಕೊಟ್ಟರೆ ಮಗಳಿಗೆ ಕೊಡುವ ಮೊದಲು ಅದರ ಫೋಟೋ ನನಗೆ ಕಳಿಸಿ. ಮುಂಬದಿಯದ್ದು ಬೇಡ, ಹಿಂಬದಿಯದ್ದು.